ಬಿಳಿ ಐದು, ಕರಿ ಒಂದು

ಮಾವ: ಮಳೆ ಸದ್ದು ಬರ್ತಾ ಐತಲ್ಲೋ ಇದರಾಗೆ.

ಅಳಿಯ: ಹಾಡೇ ಹಂಗೆ ಶುರುವಾಗೋದು ಮಾವ. ಮೊದಲು ಮಳೆ, ಗುಡುಗು. ಆಮೇಲೆ ದೂರದಲ್ಲಿ ಚರ್ಚಿನ ಗಂಟೆ. ಕೇಳೋರಿಗೆ ಹೆದರಿಕೆ ಹುಟ್ಟಲಿ ಅಂತ.

ಮಾವ: ಮಳೆಗೆ ಹೆದರೋದೇ? ಅದೂ ಜಗಳೂರು ಸೀಮೇಲಿ? ಈ ಸದ್ದು ಕಿವಿಗೆ ಬಿದ್ರೆ ಬಿಳಿಚೋಡಲ್ಲಿ ಮಲಗಿದ್ದೋರೂ ಎದ್ದು ಅಂಗಳಕ್ಕೆ ಬರ್ತಾರೆ. ಮೆಕ್ಕೆಜೋಳದ ಸುಳಿ ಒಣಗೋ ಹೊತ್ತಲ್ಲಿ ಹಿಂಗೊಂದು ಗುಡುಗು ಕೇಳಲಿ ಅಂತ ಹರಕೆ ಹೊತ್ತೋರು ನಾವು. ತುಂಗಭದ್ರೆ ನೀರನ್ನ ಪೈಪಲ್ಲಿ ತಂದು 57 ಕೆರೆ ತುಂಬಿಸ್ಬೇಕಾಗಿ ಬಂದ ತಾಲ್ಲೂಕಿದು. ಮಳೆ ತೋರ್ಸಿ ಹೆದರಿಸ್ತೀನಿ ಅಂದ್ರೆ ಅವರು ಬೇರೆ ಊರು ನೋಡ್ಕಬೇಕು.

ಅಳಿಯ: ಸ್ವಲ್ಪ ತಡೀರಿ. ಈಗ ಬರುತ್ತೆ.

ಮಾವ: ಯಪ್ಪಾ! ಏನಲೇ ಇದು, ಸ್ಪೀಕರ್ ಒಡೆದೈತಾ?

ಅಳಿಯ: ಇಲ್ರಿ. ಗಿಟಾರೇ ಹಂಗೆ. ಮಷೀನು ತಡ್ಕೊಳ್ಳೋದಕ್ಕಿಂತ ಜಾಸ್ತಿ ಸದ್ದು ಕೊಟ್ಟು ಬೇಕಂತಲೇ ಒಡೀತಾರೆ ಅದನ್ನ.

ಮಾವ: ಸುಮ್ಮನಿರು, ಕೇಳಾಣ.

ಅಳಿಯ: ಮುಗೀತು. ಆರು ನಿಮಿಷದ ಮೇಲೆ ಚಿಲ್ಲರೆ. ಹೆಂಗನಿಸ್ತು?

ಮಾವ: ಹಾಡೋನು ಅಳ್ತಾ ಇದಾನೋ ಕೂಗ್ತಾ ಇದಾನೋ ತಿಳೀಲಿಲ್ಲ. ಇಂಗ್ಲೀಷು ನನಗೆ ಅಷ್ಟಕ್ಕಷ್ಟೆ. ಆದ್ರೆ ಆ ಮೂರು ಸ್ವರ ಐತಲ್ಲ, ಅದನ್ನ ಇನ್ನೊಂದ್ಸಲ ಹಾಕು. ಹಾರ್ಮೋನಿಯಂ ಪೆಟ್ಟಿಗೆ ತಗೀತೀನಿ. ...ಹಾಂ, ಸಿಕ್ತು. ಷಡ್ಜ ಬಿಳಿ ಐದು. ಕೆಳಗಿನ ಬಿಳಿ ಐದು ಒತ್ತಿ, ಅಲ್ಲಿಂದ ಒಂದೇ ಸಲಕ್ಕೆ ಮೇಲಿನ ಬಿಳಿ ಐದಕ್ಕೆ ಹಾರ್ತಾನೆ. ಆಮೇಲೆ ನಡುವಿಗೆ ಬಿದ್ದು ಕರಿ ಒಂದರ ಮೇಲೆ ನಿಲ್ತಾನೆ. ನಿಂತಲ್ಲಿ ನಿಲ್ಲಂಗಿಲ್ಲ, ಪಕ್ಕದ ಮನೆ ಮುಟ್ಟಿ ಮುಟ್ಟಿ ನಡುಗ್ತಾನೆ. ಇಷ್ಟೇ ಅಲ್ಲೇನು?

ಅಳಿಯ: ಇಷ್ಟೇ ಮಾವ. ಈ ಮೂರು ಸ್ವರದಿಂದ ಹೆವಿ ಮೆಟಲ್ ಅನ್ನೋ ಒಂದು ಸಂಗೀತದ ವಂಶವೇ ಹುಟ್ಟಿತು ಅಂತಾರೆ. ಬ್ಯಾಂಡಿನ ಹೆಸರು ಬ್ಲ್ಯಾಕ್ ಸಬ್ಬತ್. ಹಾಡಿನ ಹೆಸರೂ ಅದೇ, ಆಲ್ಬಮ್ಮಿನ ಹೆಸರೂ ಅದೇ. ಬರ್ಮಿಂಗ್‌ಹ್ಯಾಮಿನ ನಾಲ್ಕು ಜನ ಕೂಲಿಕಾರರ ಮನೆ ಹುಡುಗರು. 1969ರ ಅಕ್ಟೋಬರದಲ್ಲಿ ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಹೆಚ್ಚುಕಮ್ಮಿ ಒಂದೇ ದಿನಕ್ಕೆ ಇಡೀ ಆಲ್ಬಮ್ಮು ನುಡಿಸಿ ಎದ್ದು ಬಂದ್ರು. ಮಳೆ, ಗಂಟೆ ಆಮೇಲೆ ಸೇರಿಸಿದ್ದು. 1970ರ ಫೆಬ್ರುವರಿ 13, ಶುಕ್ರವಾರ ಹೊರಗೆ ಬಂತು. 13ನೇ ತಾರೀಖು ಶುಕ್ರವಾರ ಬಿದ್ರೆ ಅವರಿಗೆ ಅಪಶಕುನ, ಅದಕ್ಕೇ ಆ ದಿನ.

ಮಾವ: ನಾಟಕದ ಕಂಪನಿಯೋರ ಬುದ್ಧಿ. ಇರಲಿ, ಈ ಮನೆ ಎಣಿಸು ನೋಡಾಣ. ಬಿಳಿ ಐದರಿಂದ ಕರಿ ಒಂದಕ್ಕೆ, ಬಿಳಿ ಕರಿ ಎರಡೂ ಸೇರಿಸಿ.

ಅಳಿಯ: ಆರು.

ಮಾವ: ಕರಿ ಒಂದರಿಂದ ಮೇಲಿನ ಷಡ್ಜಕ್ಕೆ?

ಅಳಿಯ: ಅದೂ ಆರು.

ಮಾವ: ಸರಿಯಾಗಿ ನಡುವೆ. ಪಂಚಮ ಆಗಿದ್ರೆ ಏಳು ಮನೆ, ಶುದ್ಧ ಮಧ್ಯಮ ಆಗಿದ್ರೆ ಐದು. ಅವೆರಡೂ ಷಡ್ಜಕ್ಕೆ ನೆಂಟರು. ಅವುಗಳ ಮೇಲೆ ನಿಂತ್ರೆ ಕಿವಿಗೆ ಸಮಾಧಾನ. ಈ ತೀವ್ರ ಮಧ್ಯಮಕ್ಕೆ ಎರಡು ಷಡ್ಜವೂ ಒಂದೇ ದೂರ. ಯಾವ ಕಡೆ ಹೋಗ್ತಾನೆ ಅಂತ ಕೇಳೋನಿಗೆ ಗೊತ್ತಾಗಲ್ಲ. ಅದಕ್ಕೇ ಹೊಟ್ಟೇಲಿ ಏನೋ ಕಲಸಿದಂಗೆ ಆಗ್ತದೆ.

ಅಳಿಯ: ಯೂರೋಪಿನ ಹಳೇ ಸಂಗೀತಶಾಸ್ತ್ರದೋರು ಇದಕ್ಕೆ ಸೈತಾನನ ಸ್ವರಾಂತರ ಅಂತ ಹೆಸರಿಟ್ಟಿದ್ರು. ಇದನ್ನ ನುಡಿಸಿದೋರಿಗೆ ಚರ್ಚು ಶಿಕ್ಷೆ ಕೊಡ್ತಿತ್ತು ಅಂತ ಜನ ಹೇಳ್ತಾರೆ. ಅದು ಕಟ್ಟುಕತೆ. ಶಾಸ್ತ್ರ ಕಲಿಸೋರು ಇದನ್ನ ತಪ್ಪಿಸಿ ನಡೀರಿ ಅಂತಿದ್ರು, ಅಷ್ಟೆ.

ಮಾವ: ಸೈತಾನನ ಸ್ವರ! ಅದು ನಮ್ಮ ದೀಪ ಹಚ್ಚೋ ಹೊತ್ತಿನ ಸ್ವರ ಕಣಪ್ಪ. ಯಮನ್ನಲ್ಲಿ ಅದೇ ತೀವ್ರ ಮ. ಪೂರಿಯಾದಲ್ಲಿ ಅದೇ. ಮಾರ್ವಾ ತಗೋ: ಪಂಚಮವೇ ಇಲ್ಲ, ಷಡ್ಜವನ್ನೂ ಮುಚ್ಚಿಟ್ಟೇ ಹಾಡೋದು. ಹೊತ್ತು ಮುಳುಗೋ ವೇಳೆಯ ತಳಮಳ ಅದರಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದೋರು ನಮಗೆ ಹೇಳಿಕೊಟ್ಟಿದ್ದೇ ಹಿಂಗೆ, ಮಾರ್ವಾ ಹಾಡುವಾಗ ಷಡ್ಜಕ್ಕೆ ಓಡಿ ಬರಬೇಡ, ಕೇಳೋರಿಗೆ ಮನೆ ನೆನಪಾಗಬೇಕು, ಮನೆ ಸಿಗಬಾರದು ಅಂತ. ಈ ಇಂಗ್ಲೆಂಡಿನ ಹುಡುಗರು ಮನೆ ಬಾಗಿಲು ಮೊದಲೇ ತೋರಿಸ್ತಾರೆ, ಕೆಳಗಿನದೊಂದು ಮೇಲಿನದೊಂದು. ತೋರಿಸಿ, ಎರಡರ ನಡುವೆ ಬೀದೀಲಿ ನಿಲ್ಲಿಸ್ತಾರೆ. ಬೇರೆ ಉಪಾಯ. ಕೆಟ್ಟದ್ದಲ್ಲ.

ಅಳಿಯ: ನಾನು ಇದನ್ನ ಇಷ್ಟು ವರ್ಷ ಕೇಳಿದ್ರೂ ಈ ಲೆಕ್ಕ ಹೊಳೆದಿರಲಿಲ್ಲ ನೋಡ್ರಿ. ನನಗೆ ಹಿಡಿಸಿದ್ದು ಬೇರೆ.

ಮಾವ: ಏನು, ಸದ್ದು?

ಅಳಿಯ: ಎಲ್ಲರೂ ಹಂಗೇ ಅನ್ಕೊಳ್ತಾರೆ. ಸದ್ದಾಗಿದ್ರೆ ನಮ್ಮೂರ ಗಣಪತಿ ಮೆರವಣಿಗೆ ಡಿ.ಜೆ. ಮುಂದೆ ಇದು ಏನೂ ಅಲ್ಲ. ಮಾವ, ಇದು ಎಷ್ಟು ನಿಧಾನ ಅಂತ ಗಮನಿಸಿದ್ರಾ? ಮೂರು ಸ್ವರ ಹೊಡೆದು ಬಿಟ್ಟು ಕಾಯ್ತಾರೆ. ಆ ಮೂರನೇ ಸ್ವರ ಕೊಳೆತು ಹೋಗೋ ತನಕ ಬಿಡ್ತಾರೆ. ಡ್ರಮ್ಮಿನೋನು ನಡುವೆ ಒಂದೆರಡು ಸಲ ಉರುಳಿಸ್ತಾನೆ, ಅವನೂ ಹೆದರಿ ಹಿಂದಕ್ಕೆ ಸರಿದಂಗೆ. ಹಾಡೋನು ಬಂದಾಗ ಗಿಟಾರು ಪಿಸುಗುಟ್ಟೋ ಮಟ್ಟಕ್ಕೆ ಇಳೀತದೆ. ಅವನ ಸಾಲು ಮುಗೀತು ಅನ್ನೋವಾಗ ಮತ್ತೆ ದಢಾರನೆ ಮೇಲೆ ಬೀಳ್ತದೆ. ಬೀಳ್ತದೆ ಅಂತ ಗೊತ್ತಿದ್ರೂ ಪ್ರತಿ ಸಲ ಎದೆ ಹಾರ್ತದೆ. ಭಾರ ಇರೋದು ಆ ಬಿಡುವಿನಲ್ಲಿ.

ಮಾವ: ವಿಳಂಬದಲ್ಲಿ ಹಾಡೋನಿಗೆ ಇದನ್ನ ಬೇರೆ ಹೇಳಿಕೊಡಬೇಕಿಲ್ಲ ಬಿಡು. ನಾಟಕದೋರಿಗೂ ಗೊತ್ತು. ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರಕ್ಕೆ ಹೋಗೋ ಮುಂಚೆ ರಣರಂಗದಲ್ಲಿ ನಡೀತಾನಲ್ಲ, ಹೆಣ ದಾಟಿಕೊಂಡು, ಸಂಜಯನ ಜೊತೆ? ಸಾವಿರ ವರ್ಷದ ಹಿಂದೆ ರನ್ನ ಎಷ್ಟು ನಿಧಾನಕ್ಕೆ ನಡೆಸಿದ ಅವನನ್ನ! ದ್ರೋಣರ ಹೆಣದ ಹತ್ರ ನಿಲ್ತಾನೆ, ತಮ್ಮನ ಹೆಣದ ಹತ್ರ ನಿಲ್ತಾನೆ, ಮಗನ ಹತ್ರ, ಕರ್ಣನ ಹತ್ರ. ಓಡಿ ಹೋಗಿದ್ರೆ ಅದು ಕಾವ್ಯ ಆಗ್ತಿರಲಿಲ್ಲ. ನಮ್ಮ ಹಳ್ಳಿ ನಾಟಕದಲ್ಲಿ ಆ ದೃಶ್ಯವನ್ನ ಎರಡು ನಿಮಿಷಕ್ಕೆ ಮುಗಿಸಿ ಗದೆ ಹಿಡಿಸಿಬಿಡ್ತಾರೆ. ಯಾಕಂದ್ರೆ ಪಾರ್ಟು ಮಾಡೋನಿಗೆ ಸುಮ್ಮನೆ ನಿಲ್ಲೋದೇ ಗೊತ್ತಿಲ್ಲ. ಚಪ್ಪಾಳೆ ಬೀಳದೆ ಅರ್ಧ ನಿಮಿಷ ಕಳೆದ್ರೆ ಕಾಲು ನಡುಗ್ತದೆ ಅವನಿಗೆ.

ಅಳಿಯ: ನಾನು ಯಾಕೆ ಬಿಡುವು ಅಂದೆ ಅಂದ್ರೆ, ಪೀಣ್ಯದಲ್ಲಿ ನಮ್ಮ ಶೆಡ್ಡು ನೀವು ನೋಡಿಲ್ಲ. ಸಾಲಾಗಿ ಪವರ್ ಪ್ರೆಸ್ಸು. ಶೀಟು ಇಡು, ಒತ್ತು, ಪೀಸು ತಗಿ. ಶೀಟು ಇಡು, ಒತ್ತು, ತಗಿ. ಶಿಫ್ಟಿಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು. ಈ ಸಂಗೀತದ ಬಗ್ಗೆ ಬರೆಯೋರು, ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ ಸದ್ದೇ ಹಾಡಾಗಿ ಬಂತು ಅಂತಾರೆ. ಪ್ರೆಸ್ಸಿನ ಮುಂದೆ ನಿಂತೋರು ಹಂಗೆ ಹೇಳಲಾರರು. ಪ್ರೆಸ್ಸು ಕಾಯಲ್ಲ. ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ನಿಮ್ಮ ಕೈ ಒಳಗೆ ಹೋಗಿ ಹೊರಗೆ ಬರೋಷ್ಟೇ ಹೊತ್ತು. ಈ ಹಾಡು ಯಂತ್ರದಂಗೆ ಐತೆ ಅಂತಲ್ಲ ನನಗೆ ಹಿಡಿಸಿದ್ದು, ಯಂತ್ರ ಕೊಡದೇ ಇರೋದನ್ನ ಕೊಡ್ತದೆ ಅಂತ. ಅದೇ ಕಬ್ಬಿಣದ ಏಟು. ಆದ್ರೆ ಇಲ್ಲಿ ಏಟು ಬಿದ್ದ ಮೇಲೆ ಉಸಿರು ಬಿಡೋಕೆ ಜಾಗ ಐತೆ.

ಮಾವ: ಹುಷಾರಾಗಿರಲೇ ಆ ಮಷೀನಿನ ಹತ್ರ. ನಿಮ್ಮವ್ವ ದಿನಾ ಅದನ್ನೇ ಅಂತಾಳೆ.

ಅಳಿಯ: ಈ ಹಾಡಿನ ಗಿಟಾರ್ ನುಡಿಸಿದೋರ ಕತೆ ಕೇಳಿದ್ರೆ ಅವ್ವ ನನ್ನ ವಾಪಸ್ಸು ಕಳಿಸೋದೇ ಇಲ್ಲ. ಅದಕ್ಕೇ ಅವಳ ಮುಂದೆ ಹೇಳಿಲ್ಲ. ಟೋನಿ ಅಯೋಮಿ ಅಂತ. 17 ವರ್ಷ ಆಗ ಅವರಿಗೆ. ತಗಡಿನ ಕಾರ್ಖಾನೇಲಿ ವೆಲ್ಡಿಂಗ್ ಕೆಲಸ. ಒಂದು ಬ್ಯಾಂಡಿನ ಜೊತೆ ಹೊರದೇಶಕ್ಕೆ ಹೋಗೋ ಅವಕಾಶ ಸಿಕ್ಕಿತ್ತು, ಕಾರ್ಖಾನೆ ಬಿಡೋ ಕೊನೇ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ಇನ್ನು ಹೋಗಲ್ಲ ಅಂದ್ರಂತೆ. ಅವರವ್ವ, ಹಿಡಿದ ಕೆಲಸ ಮುಗಿಸಿ ಬಾ ಅಂತ ಕಳಿಸಿದ್ರು. ಅವತ್ತು ಪ್ರೆಸ್ಸಿನೋರು ಬಂದಿರಲಿಲ್ಲ, ಇವರನ್ನ ಅಲ್ಲಿ ನಿಲ್ಲಿಸಿದ್ರು. ಬಲಗೈಯ ನಡುಬೆರಳು, ಉಂಗುರಬೆರಳು, ಎರಡರ ತುದಿ ಹೋಯ್ತು.

ಮಾವ: ಶಿವನೇ. ಬಲಗೈ ತಾನೆ, ಮೀಟೋ ಕೈ.

ಅಳಿಯ: ಅಲ್ಲೇ ಐತೆ ನೋಡ್ರಿ. ಅವರು ಎಡಚ. ಮೀಟೋದು ಎಡಗೈ, ತಂತಿ ಒತ್ತೋದು ಬಲಗೈ. ಒತ್ತೋ ಬೆರಳೇ ಹೋಗಿದ್ದು.

ಮಾವ: ಮುಗೀತಲ್ಲ ಹಂಗಾದ್ರೆ.

ಅಳಿಯ: ಡಾಕ್ಟ್ರು ಹಂಗೇ ಅಂದ್ರು. ಆಮೇಲೆ ಫ್ಯಾಕ್ಟರಿ ಮ್ಯಾನೇಜರು ಮನೆಗೆ ಬಂದು ಒಂದು ರೆಕಾರ್ಡು ಕೇಳಿಸಿದ್ರಂತೆ. ಜಾಂಗೋ ರೈನ್‌ಹಾರ್ಟ್ ಅಂತ ದೊಡ್ಡ ಗಿಟಾರ್ ವಾದಕ, ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಸ್ವಾಧೀನ ತಪ್ಪಿದ್ರೂ ನುಡಿಸ್ತಾ ಇದ್ದೋರು. ಇವರಿಗೆ ಧೈರ್ಯ ಬಂತು. ಪಾತ್ರೆ ತೊಳೆಯೋ ಸೋಪಿನ ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ, ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ್ರು. ತಂತಿ ಜಾರಬಾರದು ಅಂತ ಹಳೇ ಜಾಕೆಟ್ಟಿನ ಚರ್ಮ ಕತ್ತರಿಸಿ ಅದರ ಮೇಲೆ ಅಂಟಿಸಿದ್ರು. ಗಿಟಾರಿನ ದಪ್ಪ ತಂತಿ ನೋವು ಕೊಡ್ತದೆ ಅಂತ ಬ್ಯಾಂಜೋ ತಂತಿ ಏರಿಸಿ ನೋಡಿದ್ರು. ಮುಂದೆ, 1971ರ ಆಲ್ಬಮ್ಮಿನ ಹೊತ್ತಿಗೆ, ತಂತೀನೇ ಸಡಿಲ ಮಾಡಿ ಮೂರು ಮನೆ ಕೆಳಗೆ ಇಳಿಸಿದ್ರು.

ಮಾವ: ಸಡಿಲ ಮಾಡಿದ್ರೆ ಒತ್ತೋಕೆ ಸುಲಭ, ದನಿಯೂ ದಪ್ಪ ಆಗ್ತದೆ.

ಅಳಿಯ: ಅದೇ ದಪ್ಪ ದನಿಯನ್ನ ಇವತ್ತು ಹತ್ತು ಬೆರಳು ನೆಟ್ಟಗಿರೋರೂ ಬೇಕಂತಲೇ ಮಾಡ್ಕೊಳ್ತಾರೆ.

ಮಾವ: ಈ ಕತೆ ನಿನಗೆ ಹೇಳಿದ್ದು ಯಾರು?

ಅಳಿಯ: ನಮ್ಮ ಶೆಡ್ಡಿನ ಫೋರ್‌ಮನ್ನು. ಅವರಿಗೂ ಒಂದು ಬೆರಳು ಅರ್ಧ ಇಲ್ಲ, ಹಿಂದೆ ಬೇರೆಲ್ಲೋ ಕೆಲಸ ಮಾಡ್ತಿದ್ದಾಗ ಹೋಗಿದ್ದು. ಪ್ರೆಸ್ಸಿಗೆ ಎರಡು ಬಟನ್ ಇರ್ತವೆ ಮಾವ. ಎರಡೂ ಕೈಲಿ ಒತ್ತಿದ್ರೆ ಮಾತ್ರ ಬೀಳಬೇಕು ಅಂತ. ಹೊತ್ತು ಉಳಿಸೋಕೆ ಒಂದು ಬಟನ್ನಿಗೆ ಕಡ್ಡಿ ಸಿಕ್ಕಿಸಿಬಿಡ್ತಾರೆ. ನಾನು ಸೇರಿದ ಹೊಸದರಲ್ಲಿ ಫೋರ್‌ಮನ್ನು ಅಂಥದೊಂದು ಕಡ್ಡಿ ನೋಡಿ ಅದನ್ನ ಕಿತ್ತು ಎಸೆದು, ಕಪಾಳಕ್ಕೆ ಹೊಡೆಯೋಷ್ಟು ಬೈದ್ರು. ಸಂಜೆ ಟೀ ಕುಡಿಯುವಾಗ ಮೊಬೈಲಲ್ಲಿ ಈ ಹಾಡು ಹಾಕಿದ್ರು. ಯಾರ ಬೆರಳು ಗೊತ್ತೇನಲೇ ಇದು ಅಂದ್ರು.

ಮಾವ: ದೊಡ್ಡ ಮನುಷ್ಯ. ಅಲ್ಲ, ಬೆರಳು ಹೋದೋನಿಗೆ ಮ್ಯಾನೇಜರು ರೆಕಾರ್ಡು ತಂದ ಅನ್ನೋದು ಒಳ್ಳೇ ಮಾತೇ. ಪ್ರೆಸ್ಸಿಗೆ ಗೊತ್ತಿಲ್ಲದೋನನ್ನ ಆ ದಿನ ಅಲ್ಲಿ ನಿಲ್ಲಿಸಿದ್ದು ಯಾರು ಅಂತ ಯಾರೂ ಕೇಳಲಿಲ್ಲೇನು?

ಅಳಿಯ: ಕತೆ ಹೇಳೋರು ಆ ಭಾಗವನ್ನ ಬೇಗ ದಾಟಿಬಿಡ್ತಾರೆ.

ಮಾವ: ದಾಟ್ತಾರೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಹತ್ತಿ ಗಿರಣಿಯಲ್ಲಿ ದುಡಿದೋರು ನಮ್ಮ ಕಡೆಯೋರೇ ಎಷ್ಟೋ ಜನ. ಗಿರಣಿ ಮುಚ್ಚಿದ್ವು, ಆ ಹೆಸರು ಮಾತ್ರ ಭಾಷಣದಲ್ಲಿ ಉಳೀತು. ಈಗ ಬೆಣ್ಣೆದೋಸೆ ಒಂದೇ ನೋಡು ದಾವಣಗೆರೆ ಅಂದ್ರೆ. ಗಿರಣಿಯೋರು ರಾತ್ರಿ ಪಾಳಿ ಮುಗಿಸಿ ಕಂಪನಿ ನಾಟಕಕ್ಕೆ ಬರೋರು, ಚಿಂದೋಡಿಯವರ ಕೆ.ಬಿ.ಆರ್. ಕಂಪನಿ ಊರಲ್ಲಿ ಕ್ಯಾಂಪ್ ಹಾಕಿದಾಗ. ಅವರೂ ಬಯಸಿದ್ದು ಇದನ್ನೇ ಇರಬೇಕು, ನೀನು ಹೇಳೋ ಆ ಉಸಿರು ಬಿಡೋ ಜಾಗ. ಹೋಗಲಿ, ಹಾಡಿನ ಅರ್ಥ ಏನು? ನಿಮ್ಮವ್ವ ಮೊನ್ನೆ ಅದೇನೋ ದೆವ್ವದ ಪೂಜೆ ಹಾಡು ಕೇಳ್ತಾನೆ ಅಂತಿದ್ಲು. ಟೀ ಶರ್ಟಿನ ಮೇಲೆ ತಲೆಬುರುಡೆ ನೋಡಿ ಅವಳಿಗೆ ಎರಡು ದಿನ ನಿದ್ದೆ ಇಲ್ಲ.

ಅಳಿಯ: ಪೂಜೆ ಗೀಜೆ ಏನೂ ಇಲ್ಲ. ಹಾಡಲ್ಲಿ ಇರೋನು ಹೆದರಿ ಸಾಯ್ತಾ ಇರೋನು. ಕಪ್ಪಗಿರೋ ಯಾವುದೋ ಆಕಾರ ಎದುರು ನಿಂತು ತನ್ನ ಕಡೆಗೇ ಕೈ ತೋರಿಸ್ತಾ ಐತೆ ಅಂತ ಕಾಣ್ತದೆ ಅವನಿಗೆ. ಓಡ್ತಾನೆ, ದೇವರೇ ಕಾಪಾಡು ಅಂತ ಬೇಡ್ತಾನೆ. ಅದರ ಹಿಂದೆ ಒಂದು ಕತೆ ಐತೆ. ಬೇಸ್ ಗಿಟಾರಿನ ಗೀಜರ್ ಬಟ್ಲರ್ ತಮ್ಮ ಕೋಣೆಗೆಲ್ಲ ಕಪ್ಪು ಬಣ್ಣ ಬಳಿದಿದ್ರಂತೆ. ಮಾಟಮಂತ್ರದ ಪುಸ್ತಕ ಓದೋ ಹುಚ್ಚು. ಒಂದು ರಾತ್ರಿ ಎಚ್ಚರಾದಾಗ ಕಾಲ ಹತ್ರ ಯಾರೋ ನಿಂತಂಗೆ ಕಾಣ್ತು. ಅದನ್ನ ಹಾಡುಗಾರ ಆಜಿ ಆಸ್‌ಬರ್ನ್‌ಗೆ ಹೇಳಿದ್ರು, ಅವರು ಸಾಲು ಬರೆದ್ರು. ಬ್ಯಾಂಡಿಗೆ ಹೆಸರು ಸಿಕ್ಕಿದ್ದು ಬೋರಿಸ್ ಕಾರ್ಲಾಫ್ ನಟಿಸಿದ ಭೂತದ ಸಿನಿಮಾದಿಂದ. ತಾಲೀಮು ಮಾಡ್ತಿದ್ದ ಜಾಗದ ಎದುರು ಟಾಕೀಸಲ್ಲಿ ಓಡ್ತಿತ್ತಂತೆ. ಜನ ದುಡ್ಡು ಕೊಟ್ಟು ಹೆದರೋಕೆ ಬರ್ತಾರಲ್ಲ, ನಾವೂ ಹೆದರಿಸೋ ಹಾಡು ಮಾಡಿದ್ರೆ ಹೆಂಗೆ ಅಂತ ಯೋಚನೆ ಬಂತು ಅವರಿಗೆ.

ಮಾವ: ದುಡ್ಡು ಕೊಟ್ಟು ಅಳೋಕೆ ಬರ್ತಾರೆ, ಹೆದರೋಕೆ ಯಾಕೆ ಬರಬಾರದು? ಹೆದರಿಕೆ ಮನೇಲಿ ಒಬ್ಬೊಬ್ಬನಿಗೂ ಇರ್ತದೆ. ಸಾಲದ್ದು, ಬೋರು ಬತ್ತಿದ್ದು, ಮಗಳ ಮದುವೆದು. ಅದನ್ನ ಒಬ್ಬನೇ ಮಲಗಿ ಹೊರಳಾಡ್ತಾ ಅನುಭವಿಸೋದು ಒಂದು, ನಾಲ್ಕು ಜನರ ನಡುವೆ ನಿಂತು ಅನುಭವಿಸೋದು ಇನ್ನೊಂದು. ಊರಮ್ಮನ ಹಬ್ಬದ ರಾತ್ರಿ ಉರುಮೆ ಕೇಳಿದೀಯಲ್ಲ?

ಅಳಿಯ: ಅದನ್ನೇ ಹೇಳಬೇಕು ಅಂತ ಬಂದೆ ಮಾವ! ಬೆಂಗಳೂರಲ್ಲಿ ಮೊದಲ ಸಲ ಈ ಗಿಟಾರ್ ಕೇಳಿದಾಗ ನನಗೆ ನೆನಪಾಗಿದ್ದು ಉರುಮೆ. ಬಲಗಡೆ ಬಡಿತಾರೆ, ಎಡಗಡೆ ಬಾಗಿದ ಕಡ್ಡೀಲಿ ಚರ್ಮ ಉಜ್ಜುತಾರಲ್ಲ, ಆ ಗುರ್ರ್ ಅನ್ನೋ ದನಿ. ಬಡಿದ ಸದ್ದು ಕಿವಿಗೆ ಬರ್ತದೆ, ಉಜ್ಜಿದ ಸದ್ದು ಹೊಟ್ಟೆಗೆ ಬರ್ತದೆ. ಚಿಕ್ಕೋನಿದ್ದಾಗ ಅವ್ವನ ಸೆರಗು ಹಿಡ್ಕೊಂಡು ನಿಂತಿರ್ತಿದ್ದೆ. ಹೆದರಿಕೆ ಆಗ್ತಿತ್ತು, ಮನೆಗೆ ಹೋಗೋಣ ಬಾ ಅಂದ್ರೆ ಬರ್ತಿರಲಿಲ್ಲ.

ಮಾವ: ದೇವರು ಮೈಮೇಲೆ ಬರೋದು ಆ ಗುರ್ರ್ ಅನ್ನೋದಕ್ಕೇ. ಪೂಜಾರಿ ಮಂತ್ರಕ್ಕೆ ಬರಲ್ಲ, ನನ್ನ ಪೆಟ್ಟಿಗೆಗಂತೂ ಬರೋದೇ ಇಲ್ಲ. ಆದ್ರೆ ನೋಡು, ಅಮ್ಮನನ್ನ ಏಳಿಸೋ ಮನುಷ್ಯ ಅಮ್ಮನ ಗುಡಿ ಹೊರಗೇ ನಿಂತು ಬಾರಿಸ್ಬೇಕಿತ್ತು. ನಾನು ಹುಡುಗನಿದ್ದಾಗಿಂದ ಕಂಡಿದೀನಿ. ಉರುಮೆ ಬೇಕು, ಉರುಮೆಯೋರು ಬೇಡ. ಹಬ್ಬ ಮುಗಿದ ಮೇಲೆ ಅವರ ಪಾಲಿನ ಧಾನ್ಯ ಮೊರದಲ್ಲಿ ದೂರದಿಂದ ಸುರಿಯೋರು. ಊರಿನ ಹೆದರಿಕೆಯನ್ನೆಲ್ಲ ಚರ್ಮದ ಮೇಲೆ ಉಜ್ಜಿ ಕಳೆದೋರಿಗೆ ಊರು ಕೊಟ್ಟ ಮರ್ಯಾದೆ ಅದು.

ಅಳಿಯ: ಈಗಲೂ ಪೂರ್ತಿ ಹೋಗಿಲ್ಲ ಅದು.

ಮಾವ: ಹೋಗಿಲ್ಲ. ನನ್ನ ಪೆಟ್ಟಿಗೆಗೂ ಒಂದು ಕಾಲಕ್ಕೆ ಬಹಿಷ್ಕಾರ ಇತ್ತು, ಗೊತ್ತಾ? 1940ರಿಂದ 1971ರವರೆಗೆ ಆಕಾಶವಾಣೀಲಿ ಹಾರ್ಮೋನಿಯಂ ಬಾರಿಸಂಗಿರಲಿಲ್ಲ. ಪರದೇಶದ ವಾದ್ಯ, ಮೀಂಡ್ ಬರಲ್ಲ, ಶ್ರುತಿ ಸೂಕ್ಷ್ಮ ಇಲ್ಲ ಅಂತ ದೊಡ್ಡ ದೊಡ್ಡೋರ ತಕರಾರು. ತಕರಾರು ಸುಳ್ಳಲ್ಲ. ಇದರಲ್ಲಿ ಮೀಂಡ್ ನಿಜಕ್ಕೂ ಬರಲ್ಲ. ಆದ್ರೆ ಅದೇ ಕಾಲದಲ್ಲಿ ಇಡೀ ಕನ್ನಡ ರಂಗಭೂಮಿ ಹಾರ್ಮೋನಿಯಂ ಮೇಲೆ ನಿಂತಿತ್ತು. ಆ ಬಹಿಷ್ಕಾರಕ್ಕೂ ಉರುಮೆಯೋರಿಗೆ ಆಗಿದ್ದಕ್ಕೂ ಹೋಲಿಕೆ ಇಲ್ಲ ಬಿಡು. ವಾದ್ಯವನ್ನ ಹೊರಗಿಡೋದು ಒಂದು, ಮನುಷ್ಯನನ್ನ ಹೊರಗಿಡೋದು ಇನ್ನೊಂದು. ಈ ಹಾಡು ಕೇಳೋಕೆ ಬೆಂಗಳೂರಲ್ಲಿ ಅಷ್ಟು ಜನ ಇದಾರೇನು?

ಅಳಿಯ: ಇದಾರೆ ಅಂದ್ರೆ! 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬಂದಿದ್ರು. ಇಂಗ್ಲೆಂಡಿನೋರೇ. ಅಷ್ಟು ದೊಡ್ಡ ಮೆಟಲ್ ಬ್ಯಾಂಡು ಈ ದೇಶಕ್ಕೆ ಬಂದಿದ್ದೇ ಅದು ಮೊದಲು. ನಮ್ಮ ಫೋರ್‌ಮನ್ನು ಹೋಗಿದ್ರು. ಗುವಾಹಟಿ, ಶಿಲ್ಲಾಂಗಿನಿಂದ ರೈಲು ಹತ್ತಿ ಬಂದ ಹುಡುಗರು ಪಕ್ಕದಲ್ಲಿ ನಿಂತಿದ್ರಂತೆ. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ. ಅದಕ್ಕೆ ಎರಡು ದಿನ ಮುಂಚೆ ದೆಹಲಿ ಹತ್ರ ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಕಾರ್ಯಕ್ರಮ ನಿಂತುಹೋಗಿ ಗಲಾಟೆ ಆಗಿತ್ತು. ಬೆಂಗಳೂರಲ್ಲಿ ನಡೀತು. ಬೆಂಗಳೂರಿನೋರೇ ಆದ ಬ್ಯಾಂಡೂ ಇದಾವೆ. ಕ್ರಿಪ್ಟೋಸ್ ಅಂತ, 1998ರಿಂದ ನುಡಿಸ್ತಾ ಇದಾರೆ. ಜರ್ಮನಿಯ ವಾಕನ್‌ನಲ್ಲಿ 2013ರಲ್ಲಿ ಒಂದ್ಸಲ, 2017ರಲ್ಲಿ ಒಂದ್ಸಲ ನುಡಿಸಿ ಬಂದ್ರು.

ಮಾವ: ವಾಕನ್ ಅಂದ್ರೆ ದೊಡ್ಡ ಪಟ್ಟಣವೇನು?

ಅಳಿಯ: ಹಳ್ಳಿ ಮಾವ! 2,000ದ ಆಸುಪಾಸು ಜನ ಇರೋ ಹಳ್ಳಿ, ಹಸು ಮೇಯಿಸೋ ಹೊಲ. 1990ರಲ್ಲಿ ಅಲ್ಲಿನ ಹುಡುಗರು ಒಂದು ಗುಂಡೀಲಿ ವೇದಿಕೆ ಹಾಕಿ ಶುರು ಮಾಡಿದ್ದು. ಆಗ ಬಂದಿದ್ದು 800 ಜನರಷ್ಟು. ಈಗ ಪ್ರತಿ ಬೇಸಿಗೇಲಿ ಎಂಬತ್ತು ಸಾವಿರ ಜನರ ಹತ್ರ ಹತ್ರ ಸೇರ್ತಾರೆ. ಮಳೆ ಬಂದ್ರೆ ಮೊಣಕಾಲುದ್ದ ಕೆಸರು. ಊರಿನ ಅಗ್ನಿಶಾಮಕ ದಳದ ಬ್ಯಾಂಡ್‌ಸೆಟ್ಟಿನೋರು, ವಯಸ್ಸಾದೋರೆಲ್ಲ, ವೇದಿಕೆ ಹತ್ತಿ ನುಡಿಸ್ತಾರೆ. ಅವರಿಗೆ ಬೀಳೋ ಕೂಗು ದೊಡ್ಡ ಬ್ಯಾಂಡಿಗೂ ಬೀಳಲ್ಲ.

ಮಾವ: ಜಾತ್ರೆ ಅನ್ನು. ಕೊಡದಗುಡ್ಡದ ವೀರಭದ್ರನ ತೇರಿಗೆ ಜನ ಸೇರಿದಂಗೆ. ಸಮಾಳ ಬಡಿದು, ಕತ್ತಿ ಹಿಡಿದು ವೀರಗಾಸೆಯೋರು ಒಡಪು ಹೇಳುವಾಗ ನೋಡು, ದಕ್ಷನ ತಲೆ ಕಡಿಯೋ ಜಾಗಕ್ಕೆ ಬಂದಾಗ ಅವರ ದನಿ ಹಾಡಲ್ಲ, ಮಾತಲ್ಲ, ಕೂಗೂ ಅಲ್ಲ. ಈ ನಿನ್ನ ಬೆಂಗಳೂರಿನೋರು ಕನ್ನಡದಲ್ಲಿ ಯಾಕೆ ಕೂಗಲ್ಲ? ಒಡಪಿಗಿಂತ ಬೇಕೇನು ಇದಕ್ಕೆ?

ಅಳಿಯ: ಹೆಚ್ಚಿನೋರು ಇಂಗ್ಲೀಷಲ್ಲೇ ಹಾಡೋದು. ನನಗೂ ಅರ್ಧ ಸಾಲು ಅರ್ಥ ಆಗಲ್ಲ, ಅದರಿಂದ ಏನೂ ತೊಂದರೆ ಆಗಿಲ್ಲ. ಒಡಪು ಹಾಕಿ ಮೆಟಲ್ ಮಾಡಿ ಅಂತ ಹೇಳೋಕೆ ನನಗೆ ಧೈರ್ಯ ಸಾಲದು ಮಾವ. ಜನಪದಕ್ಕೆ ಗಿಟಾರ್ ಸೇರಿಸಿದ್ದು ಕೇಳಿದೀನಿ. ಗಿಟಾರು ಮುಂದೆ, ತಮಟೆ ಹಿಂದೆ ಅಲಂಕಾರಕ್ಕೆ. ಎರಡೂ ಸೊರಗ್ತವೆ. ಉರುಮೆಗೆ ಗಿಟಾರಿನ ಅವಶ್ಯಕತೆ ಇಲ್ಲ, ಈ ಹಾಡಿಗೆ ಉರುಮೆಯ ಅವಶ್ಯಕತೆ ಇಲ್ಲ. ಎರಡನ್ನೂ ಕೇಳಿದ ಕಿವಿ ಒಂದೇ ಆಗಿದ್ರೆ ಸಾಕು.

ಮಾವ: ಅದು ಒಪ್ಪೋ ಮಾತು. ಒಪ್ಪದೇ ಇರೋದು ಇನ್ನೊಂದು ಐತೆ. ಕೊನೇಲಿ ಅವರು ಓಡಿಸ್ತಾರಲ್ಲ, ಅಷ್ಟು ಹೊತ್ತು ವಿಳಂಬದಲ್ಲಿ ನಿಲ್ಲಿಸಿ ಒಮ್ಮೆಗೇ ದ್ರುತಕ್ಕೆ?

ಅಳಿಯ: ಅದು ಅವನು ಓಡೋದು. ಹೆದರಿ ಓಡೋದು.

ಮಾವ: ಓಡೋದು ಸರಿ. ಓಡಿ ಎಲ್ಲಿಗೆ ಬಂದ? ಎಲ್ಲಿಗೂ ಇಲ್ಲ. ಮಂಗಳ ಎಲ್ಲಿ? ವೀರಭದ್ರ ದಕ್ಷನ ತಲೆ ಕಡೀತಾನೆ, ಆಮೇಲೆ ಟಗರಿನ ತಲೆ ಇಟ್ಟು ಬದುಕಿಸ್ತಾರೆ. ಊರಮ್ಮ ಮೈಮೇಲೆ ಬರ್ತಾಳೆ, ಆಮೇಲೆ ಸೀಮೆ ದಾಟಿಸಿ ಕಳಿಸಿ ಬರ್ತೀವಿ. ಹೆದರಿಸಿದ ಮೇಲೆ ಮನೆ ತನಕ ಬಿಟ್ಟು ಬರಬೇಕು. ನಿನ್ನ ಹಾಡಿನೋರು ಕತ್ತಲಲ್ಲಿ ಕೈ ಬಿಟ್ಟು ಹೋದ್ರು.

ಅಳಿಯ: ನನಗೆ ಅದೇ ಪ್ರಾಮಾಣಿಕ ಅನಿಸೋದು. ಎಲ್ಲದಕ್ಕೂ ಮಂಗಳ ಎಲ್ಲೈತ್ರಿ? ಗಿರಣಿ ಮುಚ್ಚಿದ್ದಕ್ಕೆ ಯಾವ ಮಂಗಳ ಹಾಡಿದ್ರು?

ಮಾವ: ಹಾಡಲಿಲ್ಲ ಅಂತಲೇ ಅದು ಇನ್ನೂ ಚುಚ್ಚೋದು. ಮಂಗಳ ಅಂದ್ರೆ ಎಲ್ಲ ಸರಿಹೋಯ್ತು ಅಂತಲ್ಲೋ. ಕೂತೋರು ಎದ್ದು ಮನೆಗೆ ಹೋಗಬಹುದು ಅಂತ, ಅಷ್ಟೆ. ಅವರು ಇನ್ನೂ ಇದಾರಾ, ಆ ನಾಲ್ಕು ಜನ?

ಅಳಿಯ: ಹಾಡುಗಾರ ಆಜಿ ತೀರಿಕೊಂಡ್ರು, 2025ರ ಜುಲೈ 22ಕ್ಕೆ. 76 ವರ್ಷ. ಅದಕ್ಕೆ 17 ದಿನ ಮುಂಚೆ, ಜುಲೈ 5ಕ್ಕೆ, ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಅನ್ನೋ ಫುಟ್ಬಾಲ್ ಮೈದಾನದಲ್ಲಿ ನಾಲ್ಕೂ ಜನ ಕೊನೇ ಸಲ ನುಡಿಸಿದ್ರು. ಅವರು ಹುಟ್ಟಿ ಬೆಳೆದ ಕೇರಿಯ ಹತ್ರಾನೇ. ನಾಲ್ಕೂ ಜನ ಒಟ್ಟಿಗೆ ವೇದಿಕೆ ಹತ್ತಿ 20 ವರ್ಷ ಆಗಿತ್ತು. ಪಾರ್ಕಿನ್ಸನ್ ಕಾಯಿಲೆ, ಆಜಿಗೆ ನಿಲ್ಲೋಕೆ ಆಗ್ತಿರಲಿಲ್ಲ. ಕಪ್ಪು ಸಿಂಹಾಸನದಲ್ಲಿ ಕೂತು ಹಾಡಿದ್ರು. ನಾನು ರೂಮಲ್ಲಿ ಮೊಬೈಲಲ್ಲಿ ನೋಡಿದೆ. ನಾಲ್ಕೇ ಹಾಡು ಹಾಡಿದ್ದು.

ಮಾವ: ಇದನ್ನ ಹಾಡಿದ್ರಾ?

ಅಳಿಯ: ಇಲ್ಲ. ಇದು ಆ ನಾಲ್ಕರಲ್ಲಿ ಇರಲಿಲ್ಲ.

ಮಾವ: ಕೂತ್ಕೊಂಡು ಹಾಡೋ ಹಾಡಲ್ಲ ಬಿಡು ಇದು. ಹೆದರಿದೋನ ಪಾರ್ಟು ಕೂತು ಮಾಡೋಕೆ ಬರಲ್ಲ. ...ನೋಡು, ಯುಗಾದಿ ಆದ ಮೇಲೆ ನಮ್ಮೋರು ಕುರುಕ್ಷೇತ್ರ ನಾಟಕ ಕಲೀತಾರೆ. ದುರ್ಯೋಧನ ಹೆಣಗಳ ನಡುವೆ ಬರೋವಾಗ ಈ ಮೂರು ಸ್ವರ ಹಿಡಿದ್ರೆ ಹೆಂಗೆ ಅಂತ ಯೋಚಿಸ್ತಾ ಇದೀನಿ. ಬಿಳಿ ಐದು, ಮೇಲಿನ ಬಿಳಿ ಐದು, ಕರಿ ಒಂದು. ಅವನು ಒಂದು ಹೆಜ್ಜೆ ಇಟ್ಟು ನಿಲ್ಲಬೇಕು. ಸ್ವರ ಸತ್ತ ಮೇಲೆ ಇನ್ನೊಂದು ಹೆಜ್ಜೆ.

ಅಳಿಯ: ಪೆಟ್ಟಿಗೇಲಿ ತಿದಿ ಒತ್ತೋದು ನಿಲ್ಲಿಸಿ ಮಾವ, ತಾನಾಗೇ ಇಳೀಲಿ. ಆಮೇಲೆ ಪೂರ್ತಿ ಸುಮ್ಮನಿರಬೇಕು. ಏನೂ ಇರಬಾರದು.

ಮಾವ: ನಾನು ಇರ್ತೀನಿ. ತಬಲಾದೋನು ಇರ್ತಾನೇನು? ಖಾಲಿ ಜಾಗ ಕಂಡ್ರೆ ತಿರಕಿಟ ತುಂಬದೆ ಬಿಡೋನಲ್ಲ ಅವನು. ರಿದಂ ಪ್ಯಾಡಿನ ಹುಡುಗ ಬೇರೆ ಇದಾನೆ, ಬಟನ್ ಒತ್ತಿ ಕೈ ಕೈ ಹಿಸುಕ್ತಾ ಇರ್ತಾನೆ.

ಅಳಿಯ: ಅವರಿಗೆ ಮೊದಲೇ ಹೇಳಿಬಿಡಿ.

ಮಾವ: ನಾನು ಹೇಳಿದ್ರೆ ಕೇಳಲ್ಲ, ಮೇಷ್ಟ್ರಿಗೆ ವಯಸ್ಸಾತು ಅಂತಾರೆ. ನೀನು ತಾಲೀಮಿಗೆ ಬಾ. ಬೆಂಗಳೂರಿನೋನು ಅಂತ ನಿನ್ನ ಮಾತಿಗಾದ್ರೂ ಕೈ ಕಟ್ಟಿ ಕೂರ್ತಾರೋ ನೋಡಾಣ. ಬರುವಾಗ ಆ ತಲೆಬುರುಡೆ ಅಂಗಿ ಹಾಕ್ಕಂಡು ಬರಬೇಡ.